ಬೆವರು ಜನರದು, ನೆಲ ಯಾರದು?

ಉದ್ಯಾನ ಸಿರಿವಂತರ ಶೋಕಿಯಲ್ಲ. ಮನೆಗೆ ಅಂಗಳವಿಲ್ಲದ ಕೂಲಿಕಾರನಿಗೆ ಅದೇ ಅಂಗಳ.

1973ರಲ್ಲಿ ನ್ಯೂಯಾರ್ಕಿನ ಬೋವರಿ ಬೀದಿಯ ಪಾಳು ನಿವೇಶನವೊಂದರ ಕಸವನ್ನು ಲಿಜ್ ಕ್ರಿಸ್ಟಿ ಮತ್ತು ಸಂಗಡಿಗರು ತಾವೇ ಎತ್ತಿಹಾಕಿ, ಮಣ್ಣು ಗೊಬ್ಬರ ತುಂಬಿ ತೋಟ ಮಾಡಿದರು. ಮರುವರ್ಷ ನಗರಾಡಳಿತ ಅದನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು. ಬಡವರ ಕೇರಿಗಳಲ್ಲಿ ಇಂಥ ನೂರಾರು ತೋಟಗಳೆದ್ದವು. ಕೇರಿ ಹಸನಾಯಿತು; ನೆಲದ ಬೆಲೆಯೂ ಏರಿತು.

1999ರಲ್ಲಿ ಮೇಯರ್ ಜೂಲಿಯಾನಿ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜು ಹಾಕಲು ಹೊರಟರು! ಜನ ಬೀದಿಗಿಳಿದರು. ಕಡೆಗೆ ಎರಡು ಸಂಸ್ಥೆಗಳು 42 ಲಕ್ಷ ಡಾಲರ್ ತೆತ್ತು ಅವನ್ನು ಉಳಿಸಿದವು. ಜನ ಬೆವರು ಸುರಿಸಿ ಬೆಳೆಸಿದ್ದನ್ನೇ ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು.

ನಮ್ಮೂರ ಪಾರ್ಕಿಗೂ ಗುದ್ದಲಿ ಹಿಡಿದು ಹೋಗೋಣ. ಆದರೆ ಅದಕ್ಕೆ ಮೊದಲು, ಆ ನೆಲ ಎಂದೆಂದಿಗೂ ಸಾರ್ವಜನಿಕರದೆಂದು ಪುರಸಭೆಯಲ್ಲಿ ಠರಾವು ಮಾಡಿಸೋಣ.