ಹೊಸಬನನ್ನು ಬಗ್ಗಿಸುವ ಪದ್ಧತಿ



ಗಂಜಿನಲ್ಲಿ ಚೀಲ ಹೊರುವವರ, ಹತ್ತಿ ಗಿರಣಿಯಲ್ಲಿ ದುಡಿಯುವವರ, ಸಣ್ಣ ಅಂಗಡಿ ಇಟ್ಟುಕೊಂಡವರ ಮಕ್ಕಳು ಇಂದು ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ. ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ಟ್ರಂಕು ಹೊತ್ತು ರಾಯಚೂರು, ಕಲಬುರಗಿ, ಬೆಂಗಳೂರಿನ ಹಾಸ್ಟೆಲುಗಳಿಗೆ ಹೋಗುತ್ತಿದ್ದಾರೆ. ಎಷ್ಟೋ ಕಡೆ ಅಲ್ಲಿ ಅವರನ್ನು ಮೊದಲು ಎದುರುಗೊಳ್ಳುವುದು ಹಿರಿಯ ವಿದ್ಯಾರ್ಥಿಗಳ ಒಂದು ಪದ್ಧತಿ. ಅದಕ್ಕೆ ರ‍್ಯಾಗಿಂಗ್ ಎಂದು ಹೆಸರು. ತಲೆ ತಗ್ಗಿಸಿ ನಿಲ್ಲು, ಕಂಡಾಗಲೆಲ್ಲ ಸಲಾಮು ಹೊಡಿ, ನಡುರಾತ್ರಿ ಎದ್ದು ಕುಣಿ, ನಮ್ಮ ಬಟ್ಟೆ ಒಗಿ! ಕೇಳಿದರೆ, “ನಮಗೂ ಹೀಗೆಯೇ ಮಾಡಿದ್ದರು, ಇದರಿಂದಲೇ ಅಣ್ಣತಮ್ಮಂದಿರ ಭಾವನೆ ಬೆಳೆಯುತ್ತದೆ” ಎಂಬ ಉತ್ತರ.

ಯಾವ ಅಣ್ಣ ತಮ್ಮನನ್ನು ಹೀಗೆ ಬರಮಾಡಿಕೊಳ್ಳುತ್ತಾನೆ? 2009ರ ಮಾರ್ಚ್ ತಿಂಗಳಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಅಮನ್ ಕಚ್ರೂ ಎಂಬ ಹುಡುಗ ಹಿರಿಯರ ಹೊಡೆತದಿಂದ ಪ್ರಾಣ ಬಿಟ್ಟ. ಆ ವರ್ಷವೇ ವಿಶ್ವವಿದ್ಯಾಲಯ ಅನುದಾನ ಆಯೋಗ ದೇಶಕ್ಕೆಲ್ಲ ಅನ್ವಯಿಸುವ ನಿಯಮ ಮಾಡಿತು. ನಮ್ಮ ರಾಜ್ಯದ 1983ರ ಶಿಕ್ಷಣ ಕಾಯಿದೆಯಲ್ಲಿಯೂ ಇದು ಅಪರಾಧವೇ. ಒಂದು ವರ್ಷದವರೆಗೆ ಸೆರೆಮನೆ ಉಂಟು. ಕಾಯಿದೆ ಬೇಕು. ಆದರೆ ರಾತ್ರಿ ಹನ್ನೆರಡು ಗಂಟೆಗೆ, ಚಿಲಕ ಹಾಕಿದ ಕೋಣೆಯೊಳಗೆ, ಕಾಯಿದೆ ಪುಸ್ತಕ ಇರುವುದಿಲ್ಲ.

ನಮ್ಮ ಭಾಗದ ಹುಡುಗರಿಗೆ ಇದರ ಜೊತೆಗೆ ಇನ್ನೊಂದು ಚುಚ್ಚುಮಾತೂ ಕಾದಿರುತ್ತದೆ: “ಓ, ಮುನ್ನೂರ ಎಪ್ಪತ್ತೊಂದು ಜೆ ಸೀಟಿನವನೋ?” ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿಯ ಬಲದ ಮೇಲೆ ರಾಜ್ಯಮಟ್ಟದ ವಿದ್ಯಾಸಂಸ್ಥೆಗಳಲ್ಲಿ ನಮ್ಮ ಜಿಲ್ಲೆಗಳಿಗೆ ನೂರಕ್ಕೆ 8 ಸ್ಥಾನಗಳು ದೊರೆತಿವೆ. ಇದು ಯಾರೂ ಹಾಕಿದ ಭಿಕ್ಷೆಯಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿ ಮಾಡಿದಾಗ ಅದರಲ್ಲಿ ದೇವದುರ್ಗವಿತ್ತು. ಹಿಂದುಳಿದದ್ದು ಶಾಲೆ, ರಸ್ತೆ, ಆಸ್ಪತ್ರೆ; ಹುಡುಗನ ಬುದ್ಧಿಯಲ್ಲ. ಅವನ ಮಾತಿನ ಧಾಟಿ ಕೇಳಿ ನಗುವವನಿಗೆ ಈ ಲೆಕ್ಕವನ್ನು ಹೇಳಿದವರಾರು? ಇತ್ತ ನಮ್ಮ ಹುಡುಗರೂ “ಬೆಂಗಳೂರಿನವರೆಲ್ಲ ಸೊಕ್ಕಿನವರು, ಹಿರಿಯರೆಲ್ಲ ಪುಂಡರು” ಎಂದು ತೀರ್ಮಾನಿಸಿ ಮೂಲೆ ಸೇರುತ್ತಾರೆ. ಅದೂ ಒಪ್ಪತಕ್ಕದ್ದಲ್ಲ.

ಆದ್ದರಿಂದ ಮಾತು ಬಯಲಿಗೆ ಬರಬೇಕೆನ್ನುತ್ತೇವೆ. ವರ್ಷದ ಆರಂಭದಲ್ಲಿ ಹೊಸಬರನ್ನೂ ಹಿರಿಯರನ್ನೂ ಒಟ್ಟಿಗೆ ಕೂಡಿಸಿ ತಿಳಿವಳಿಕೆ ನೀಡಬೇಕೆಂದು 2009ರ ನಿಯಮವೇ ಹೇಳುತ್ತದೆ. ಅದು ಸಹಿ ಹಾಕಿಸಿಕೊಳ್ಳುವ ಶಾಸ್ತ್ರವಾಗಬಾರದು. ವಾರ್ಡನ್, ಅಡುಗೆಯವರು, ಸಾಧ್ಯವಾದರೆ ತಂದೆತಾಯಿಗಳು ಕೂಡ ಅದೇ ಜಮಖಾನೆಯ ಮೇಲೆ ಕೂರಲಿ. ಈ ಪದ್ಧತಿ ಯಾರು ತಂದದ್ದು, ಯಾವ ವರ್ಷದ್ದು, ಇದರಿಂದ ಯಾರ ಓದು ಸುಧಾರಿಸಿತು ಎಂದು ಹೊಸಬನೇ ಕೇಳಲಿ. ಹಿರಿಯನೂ ತಾನು ಮೊದಲ ವರ್ಷ ಅನುಭವಿಸಿದ್ದನ್ನು ಹೇಳಲಿ. ಆ ನೋವನ್ನು ಅವನಿಂದ ಯಾರೂ ಕೇಳಿರಲಿಕ್ಕಿಲ್ಲ. ಸಂಪ್ರದಾಯವೆಂದು ಹೇಳುವುದು ಬಹುಮಟ್ಟಿಗೆ ಮೂರು ನಾಲ್ಕು ವರ್ಷಗಳ ಹಿಂದಿನವರ ಪುಂಡಾಟಿಕೆಯೇ ಆಗಿರುತ್ತದೆ.

1920ರಲ್ಲಿ ಪಂಡಿತ ತಾರಾನಾಥರು ಇದೇ ರಾಯಚೂರಿನಲ್ಲಿ, ನಿಜಾಮರ ಆಳ್ವಿಕೆಯಲ್ಲಿ, ಶಾಲೆ ತೆರೆದು ಅದಕ್ಕೆ ‘ಹಮ್‌ದರ್ದ್’ ಎಂದು ಹೆಸರಿಟ್ಟರು. ಜೊತೆಗೆ ನೋವುಣ್ಣುವವನು ಎಂದು ಅದರ ಅರ್ಥ. ಹಾಸ್ಟೆಲಿನ ಅಣ್ಣಂದಿರಿಗೆ ಈ ಊರಿನ ಪದವನ್ನೇ ಕೊಡಬಹುದು.

ಇನ್ನು ನಮ್ಮ ಅಂಗಳದ ಮಾತು. ಹೊಸ ಹಮಾಲನ ಬೆನ್ನಿಗೇ ಭಾರದ ಚೀಲ, ಮೊದಲ ವಾರದ ಕೂಲಿಯಲ್ಲಿ ಎಲ್ಲರಿಗೂ ಚಹಾ, ಹೆಸರಿನ ಬದಲು ಊರನ್ನೋ ಜಾತಿಯನ್ನೋ ಹಿಡಿದು ಕೂಗುವುದು, ಇವು ಎಲ್ಲೆಲ್ಲಿವೆ ಎಂಬುದು ನಿಮಗೆ ಗೊತ್ತು. ಧಣಿ ನಮಗೆ ಮಾಡಿದ್ದನ್ನೇ ನಾವು ಹೊಸಬನಿಗೆ ಮಾಡಿದರೆ, ಮಗನ ಹಾಸ್ಟೆಲಿಗೆ ಹೋಗಿ ಯಾವ ಬಾಯಿಂದ ಪ್ರಶ್ನಿಸುವುದು? ಸಂಘದ ಮುಂದಿನ ಸಭೆಯಲ್ಲಿ ಈ ಸಂಗತಿಯನ್ನೇ ಮೊದಲು ಎತ್ತಿಕೊಳ್ಳೋಣ. ಎಲ್ಲರಿಗಿಂತ ಈಚೆಗೆ ಸೇರಿದ ಹುಡುಗ ಮೊದಲು ಮಾತನಾಡಲಿ. ಮೇಸ್ತ್ರಿ ಕೊನೆಯಲ್ಲಿ ಮಾತನಾಡಲಿ.