ಮಹಾನಗರವಾಸದ ಬಳಿಕ ಮೂರು ದಿನ

ವಿದೇಶಪ್ರಯಾಣವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ತಾವು ಕಂಡುದನ್ನು ಹೇಳುತ್ತಾರೆ. ಕಾಣಬೇಕೆಂದು ಬರೆದಿಟ್ಟುಕೊಂಡು ಕಾಣದೆ ಬಂದುದನ್ನು ಹೇಳುವುದು ಅಪರೂಪ. ಈ ಹೊತ್ತು ನಾನು ಹೇಳಹೊರಟಿರುವುದು ಬಹುಮಟ್ಟಿಗೆ ಎರಡನೆಯ ಜಾತಿಯದು. ಪರದೇಶದ ಮಹಾನಗರವೊಂದರಲ್ಲಿ ಕೆಲವು ದಿನ ಕಳೆದ ಮೇಲೆ, ಊರಿಗೆ ಹಿಂದಿರುಗುವುದಕ್ಕೆ ಮುಂಚೆ, ಎರಡು ಮೂರು ದಿನ ಹಳ್ಳಿಗಾಡಿನಲ್ಲಿದ್ದು ಬರಬೇಕೆಂದು ಅನೇಕರು ಆಶಿಸುತ್ತಾರೆ. ಆ ಎರಡು ಮೂರು ದಿನಗಳನ್ನು ಹೇಗೆ ಗೊತ್ತುಮಾಡಿಕೊಳ್ಳಬೇಕು ಎಂಬುದು ನೋಡುವುದಕ್ಕೆ ಸಣ್ಣ ಪ್ರಶ್ನೆ. ನನಗೆ ಅದು ಅಷ್ಟು ಸಣ್ಣದಾಗಿ ಉಳಿಯಲಿಲ್ಲ.

2024ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಲಂಡನ್ನಿನಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆವು. ಹನ್ನೆರಡು ದಿನ ಅಲ್ಲಿದ್ದೆವು. ಲಂಡನ್ನಿನ ದೊಡ್ಡ ವಸ್ತುಸಂಗ್ರಹಾಲಯಗಳಿಗೂ ಚಿತ್ರಶಾಲೆಗಳಿಗೂ ಪ್ರವೇಶಧನವಿಲ್ಲವೆಂಬುದು ನಿಮಗೆ ತಿಳಿದೇ ಇದೆ. ಅದರಿಂದ ಒದಗುವ ಕಷ್ಟ ಮಾತ್ರ ಅನುಭವಿಸಿದವರಿಗೇ ಗೊತ್ತು. ಹಣ ಕೊಡಬೇಕಾಗಿದ್ದಿದ್ದರೆ ಒಂದೆರಡನ್ನು ಆರಿಸಿಕೊಳ್ಳುತ್ತಿದ್ದೆವು; ಕೊಡಬೇಕಾಗಿಲ್ಲವಾದುದರಿಂದ ಎಲ್ಲವನ್ನೂ ನೋಡಿದೆವು. ಹಗಲೆಲ್ಲ ಈಜಿಪ್ಟು ಅಸ್ಸೀರಿಯಗಳಲ್ಲಿ ನಡೆದಾಡಿ, ನೆಲದಡಿಯ ರೈಲಿನ ಮೆಟ್ಟಿಲುಗಳನ್ನು ಹತ್ತಿ ಇಳಿದು, ಸಂಜೆ ಮನೆಗೆ ಬಂದರೆ ನಾನು ಕುರ್ಚಿಯಲ್ಲಿ ಕುಳಿತುಬಿಡುತ್ತಿದ್ದೆ. ನನ್ನ ಪತ್ನಿ ಅಡಿಗೆಯ ಮನೆಗೆ ಹೋಗುತ್ತಿದ್ದಳು. ಅತ್ತಿಗೆ ಬಂದಿದ್ದಾರೆ, ಊರಿನ ಹುಳಿ ಸಾರು ತಿನ್ನಬಹುದು ಎಂದು ತಮ್ಮನ ಸ್ನೇಹಿತರೂ ಒಬ್ಬೊಬ್ಬರಾಗಿ ಬರುತ್ತಿದ್ದರು. ಇದು ನನ್ನ ಕಣ್ಣಿಗೆ ಬಿದ್ದುದು ಒಂಬತ್ತನೆಯ ದಿನ. ಅದೂ ಅವಳೇ ಹೇಳಿದ ಮೇಲೆ.

ನಗರದಿಂದ ಹೊರಗೆ ಹೋಗೋಣವೆಂದು ನಿಶ್ಚಯವಾಯಿತು. ಎಲ್ಲಿಗೆ? ಹತ್ತಿರದಲ್ಲಿ ಕೆಂಟ್ ಪ್ರಾಂತದ ಹಣ್ಣಿನ ತೋಟಗಳುಂಟು. ಪಶ್ಚಿಮಕ್ಕೆ ಎರಡು ಗಂಟೆಯ ದಾರಿಯಲ್ಲಿ ಜೇನುಬಣ್ಣದ ಕಲ್ಲಿನ ಮನೆಗಳಿಗೆ ಹೆಸರಾದ ಕಾಟ್ಸ್‌ವಲ್ಡ್ ಗುಡ್ಡಗಳುಂಟು. ನಾನು ಇವೊಂದನ್ನೂ ಯೋಚಿಸಲಿಲ್ಲ. ಇಪ್ಪತ್ತು ವರ್ಷದಿಂದ ವರ್ಡ್ಸ್‌ವರ್ತ್ ಕವಿಯನ್ನು ಪಾಠ ಹೇಳಿಕೊಂಡು ಬಂದವನು ವಾಯವ್ಯ ಇಂಗ್ಲೆಂಡಿನ ಸರೋವರಪ್ರಾಂತವನ್ನು ಬಿಟ್ಟು ಬೇರೆಲ್ಲಿಗೆ ಹೋದಾನು? ಒಂದು ಹಾಳೆಯಲ್ಲಿ ಮೂರು ದಿನದ ಕಾರ್ಯಕ್ರಮವನ್ನು ಬರೆದೆ. ಮೊದಲನೆಯ ದಿನ ಗ್ರಾಸ್‌ಮಿಯರಿನಲ್ಲಿ ಕವಿಯು 1799ರಿಂದ 1808ರವರೆಗೆ ಬಾಳಿದ ಡವ್ ಕಾಟೇಜ್; ಅದೇ ಸಂಜೆ ಸಮಾಧಿ. ಎರಡನೆಯ ದಿನ 1813ರಿಂದ ಸಾಯುವವರೆಗೆ ಇದ್ದ ರೈಡಲ್ ಮೌಂಟ್, ಮಧ್ಯಾಹ್ನ ಬಾಲ್ಯದಲ್ಲಿ ಓದಿದ ಹಾಕ್ಸ್‌ಹೆಡ್ಡಿನ ಶಾಲೆ. ಮೂರನೆಯ ದಿನ ಹುಟ್ಟಿದ ಊರು ಕಾಕರ್‌ಮತ್, ದಾರಿಯಲ್ಲಿ ಅಲ್ಸ್‌ವಾಟರ್ ಸರೋವರ. ಹಾಳೆಯನ್ನು ಪತ್ನಿಯ ಕೈಗೆ ಕೊಟ್ಟೆ. ಅವಳು ಮೇಲಿಂದ ಕೆಳಗಿನವರೆಗೆ ಓದಿ, ಮಡಿಸಿ, ನನ್ನ ಕೈಗೇ ಹಿಂದಕ್ಕೆ ಕೊಟ್ಟು, "ಇದರಲ್ಲಿ ನನ್ನ ದಿನ ಯಾವುದು?" ಎಂದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಬರೆದಿದ್ದುದು ವಿಶ್ರಾಂತಿಯ ಕಾರ್ಯಕ್ರಮವಾಗಿರಲಿಲ್ಲ, ತೀರ್ಥಯಾತ್ರೆಯ ಕಾರ್ಯಕ್ರಮವಾಗಿತ್ತು. ಅದೂ ಒಬ್ಬನ ತೀರ್ಥಯಾತ್ರೆ.

ಹಾಳೆಯನ್ನು ಪಕ್ಕಕ್ಕಿಟ್ಟು ಮತ್ತೆ ಲೆಕ್ಕ ಹಾಕಿದೆವು. ಮೂರು ದಿನದ ಬಿಡುವಿನಲ್ಲಿ ಹೋಗುವುದಕ್ಕೆ ಅರ್ಧ ದಿನ, ಬರುವುದಕ್ಕೆ ಅರ್ಧ ದಿನ ಸಲ್ಲುತ್ತದೆ. ದಿನಕ್ಕೊಂದು ಊರಿನಲ್ಲಿ ತಂಗಿದರೆ ಪೆಟ್ಟಿಗೆ ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಇನ್ನರ್ಧ ದಿನ. ಆದ್ದರಿಂದ ಒಂದೇ ಊರು, ಒಂದೇ ಕೋಣೆ, ಮೂರು ರಾತ್ರಿ ಎಂದಾಯಿತು. ದೊಡ್ಡ ಪೆಟ್ಟಿಗೆಗಳನ್ನು ತಮ್ಮನ ಮನೆಯಲ್ಲಿಯೇ ಬಿಟ್ಟು ಬೆನ್ನಿಗೆ ಹಾಕಿಕೊಳ್ಳುವ ಚೀಲ ಒಂದೊಂದನ್ನು ತೆಗೆದುಕೊಂಡೆವು. ಮೋಟಾರು ಬಾಡಿಗೆಗೆ ಸಿಗುತ್ತದೆ. ನಮ್ಮಂತೆಯೇ ಅವರೂ ರಸ್ತೆಯ ಎಡಗಡೆ ಓಡಿಸುತ್ತಾರೆ. ನಮ್ಮ ಚಾಲನಾಪತ್ರವೂ ಅಲ್ಲಿ ಒಂದು ವರ್ಷದ ಮಟ್ಟಿಗೆ ನಡೆಯುತ್ತದೆ. ಆದರೆ ಆ ಪ್ರಾಂತದ ಒಳರಸ್ತೆಗಳಿಗೆ ಎರಡು ಕಡೆಯೂ ಕಲ್ಲಿನ ಗೋಡೆ. ಎದುರಿಗೆ ಇನ್ನೊಂದು ಬಂಡಿ ಬಂದರೆ ಒಬ್ಬರು ಹಿಂದಕ್ಕೆ ನಡೆಸಲೇಬೇಕು. ಹಾಗೆ ಹಿಂದಕ್ಕೆ ನಡೆಸುವವನು ನಾನಾಗುವುದು ಬೇಡವೆಂದು ಬಸ್ಸನ್ನೇ ನಂಬಿದೆವು. ವಿಂಡರ್‌ಮಿಯರ್, ಆಂಬಲ್‌ಸೈಡ್, ಗ್ರಾಸ್‌ಮಿಯರ್, ಕೆಸಿಕ್ ಊರುಗಳನ್ನು ಪೋಣಿಸಿಕೊಂಡು 555 ಎಂಬ ಅಂಕಿಯ ಬಸ್ಸು ಓಡಾಡುತ್ತದೆ. ಬಸ್ಸಿಲ್ಲದ ಕಣಿವೆಯಲ್ಲಿ ಕೋಣೆ ಹಿಡಿದು ಆಮೇಲೆ ಪರಿತಪಿಸುವವರುಂಟು. ಮೊದಲು ಬಸ್ಸಿನ ವೇಳಾಪಟ್ಟಿ, ಆಮೇಲೆ ಕೋಣೆ ಎಂಬುದು ನನ್ನ ಸಲಹೆ.

ರೈಲಿನ ವಿಷಯದಲ್ಲಿ ಮಾತ್ರ ನಾನು ಯಾರಿಗೂ ಸಲಹೆ ಕೊಡುವ ಯೋಗ್ಯತೆ ಉಳಿಸಿಕೊಂಡಿಲ್ಲ. ಅಲ್ಲಿ ಮುಂಗಡವಾಗಿ ಕೊಂಡ ಟಿಕೆಟ್ಟು ಬಹಳ ಅಗ್ಗ. ಆದರೆ ಅದು ಗೊತ್ತಾದ ಒಂದು ರೈಲಿಗೆ ಮಾತ್ರ ಸಲ್ಲುತ್ತದೆ. ಯೂಸ್ಟನ್ ನಿಲ್ದಾಣಕ್ಕೆ ಹೋಗುವಾಗ ನೆಲದಡಿಯ ರೈಲಿನಲ್ಲಿ ನಾನು ಎದುರು ದಿಕ್ಕಿಗೆ ಹತ್ತಿದೆ. ದಾರಿ ತಿಳಿದವನೆಂಬ ಭಾವದಿಂದ ಹತ್ತಿದ್ದರಿಂದ ನಾಲ್ಕು ನಿಲ್ದಾಣ ಕಳೆಯುವವರೆಗೆ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಯೂಸ್ಟನ್ ತಲಪಿದಾಗ ನಮ್ಮ ರೈಲು ಹೊರಟು ಆರು ನಿಮಿಷವಾಗಿತ್ತು. ಹೊಸ ಟಿಕೆಟ್ಟಿಗೆ ತೆತ್ತ ಹಣ ಎಷ್ಟೆಂಬುದನ್ನು ಇಲ್ಲಿ ಹೇಳುವುದಿಲ್ಲ. ಪತ್ನಿ ಏನೂ ಅನ್ನಲಿಲ್ಲ, ಅಂದಿದ್ದರೆ ಹಗುರವಾಗುತ್ತಿತ್ತು.

ಯೂಸ್ಟನ್ನಿನಿಂದ ಆಕ್ಸನ್‌ಹೋಮಿಗೆ ಮೂರು ಗಂಟೆಗೆ ಸ್ವಲ್ಪ ಕಡಿಮೆ. ಅಲ್ಲಿ ಇಳಿದು ಪುಟ್ಟ ರೈಲೊಂದಕ್ಕೆ ಏರಿದರೆ ಇಪ್ಪತ್ತು ನಿಮಿಷದಲ್ಲಿ ವಿಂಡರ್‌ಮಿಯರ್. ಈ ಪುಟ್ಟ ದಾರಿಯ ಕಥೆ ಸ್ವಾರಸ್ಯವಾದುದು. 1844ರಲ್ಲಿ ಇದನ್ನು ಹಾಕುವ ಯೋಚನೆ ಹುಟ್ಟಿದಾಗ ವೃದ್ಧನಾಗಿದ್ದ ವರ್ಡ್ಸ್‌ವರ್ತ್ ಪತ್ರಿಕೆಗೆ ಕಾಗದಗಳನ್ನು ಬರೆದು, ಒಂದು ಸುನೀತವನ್ನೂ ಬರೆದು ವಿರೋಧಿಸಿದ. ಕಾರ್ಖಾನೆಯ ಊರುಗಳಿಂದ ಜನ ಗುಂಪುಗುಂಪಾಗಿ ಬಂದಿಳಿದರೆ ಇಲ್ಲಿನ ಶಾಂತಿ ಹಾಳಾದೀತು ಎಂಬುದು ಅವನ ಭಯ. 1847ರಲ್ಲಿ ದಾರಿ ಬಂದೇ ಬಂತು. ಆದರೆ ವಿಂಡರ್‌ಮಿಯರಿನಲ್ಲಿಯೇ ನಿಂತಿತು, ಇಂದಿಗೂ ಅಲ್ಲಿಗೇ ಕೊನೆ. ಬಡವರ ಮಿತ್ರನಾಗಿ ಬರವಣಿಗೆ ಆರಂಭಿಸಿದ ಕವಿಯು ಬಡವರು ತನ್ನ ಬೆಟ್ಟಗಳನ್ನು ನೋಡಬರುವುದಕ್ಕೆ ಅಡ್ಡನಿಂತನೆಂದು ನಾನು ತರಗತಿಯಲ್ಲಿ ಪ್ರತಿವರ್ಷವೂ ಅವನನ್ನು ಆಕ್ಷೇಪಿಸುತ್ತಿದ್ದೆ. ಅಲ್ಲಿ ಹೋದ ಮೇಲೆ ಆ ಆಕ್ಷೇಪಣೆಯ ಬಿಸಿ ಸ್ವಲ್ಪ ಇಳಿಯಿತು. ಸುಮಾರು ನಲವತ್ತು ಸಾವಿರ ಜನ ವಾಸಿಸುವ ಆ ಪ್ರಾಂತಕ್ಕೆ ವರ್ಷಕ್ಕೆ ಕೋಟಿಗೂ ಮಿಕ್ಕಿ ಜನ ಬರುತ್ತಾರೆ. ಎಷ್ಟೋ ಮನೆಗಳು ಪ್ರವಾಸಿಗಳ ಬಾಡಿಗೆಯ ಮನೆಗಳಾಗಿರುವುದರಿಂದ ಅಲ್ಲಿಯೇ ಹುಟ್ಟಿದ ತರುಣರಿಗೆ ಮನೆ ಸಿಗುವುದು ದುರ್ಲಭವಾಗಿದೆ. ನಾವು ಮೂರು ರಾತ್ರಿ ಮಲಗಿದ ಕೋಣೆಯೂ ಹಿಂದೆ ಯಾರದೋ ಸಂಸಾರ ನಡೆದ ಮನೆಯದೇ.

ಉಡುಪಿನ ವಿಷಯ ಒಂದು ಮಾತು. ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಹಳ್ಳಿಯಾದ ಸೀತ್‌ವೇಟ್ ಈ ಪ್ರಾಂತದಲ್ಲಿಯೇ ಇದೆ. ವರ್ಷಕ್ಕೆ ಮೂರು ಮೀಟರಿಗೂ ಮೇಲೆ. ಆಗುಂಬೆಯಲ್ಲಿ ಇದರ ಎರಡರಷ್ಟು ಬೀಳುತ್ತದೆಯಾದುದರಿಂದ ನಮಗೆ ಹೆದರಿಕೆ ಬೇಡವೆನ್ನಬಹುದು. ಆದರೆ ನಮ್ಮ ಮಳೆಗೆ ಒಂದು ಕಾಲವಿದೆ, ಅವರದಕ್ಕಿಲ್ಲ. ಗಾಳಿಯೂ ಜೊತೆಗಿರುವುದರಿಂದ ಕೊಡೆ ನಿಷ್ಪ್ರಯೋಜಕ. ನೀರು ಹೊಗದ ಮೇಲಂಗಿ, ಜಾರದ ಪಾದರಕ್ಷೆ, ಇವೆರಡಿದ್ದರೆ ಸಾಕು. ಜೂನಿನಲ್ಲಿ ರಾತ್ರಿ ಒಂಬತ್ತೂವರೆಯ ಮೇಲೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೆ ಹೊತ್ತು ಮುಳುಗುತ್ತದೆ. ಚಳಿಗಾಲದಲ್ಲಿ ಹೋಗುವವರು ಮೂರು ದಿನವನ್ನು ಎರಡೆಂದೇ ಎಣಿಸಬೇಕು.

ಮೊದಲನೆಯ ದಿನ ನನ್ನದು. ಡವ್ ಕಾಟೇಜ್ ಹಿಂದೆ ಪಾನಗೃಹವಾಗಿದ್ದ ಸಣ್ಣ ಮನೆ. ಕೆಳಗಿನ ಕೋಣೆಗಳಲ್ಲಿ ಬೆಳಕು ಕಡಿಮೆ. ಮಹಡಿಯ ಒಂದು ಕೋಣೆಯ ಗೋಡೆಗಳಿಗೆ ಚಳಿ ತಡೆಯಲೆಂದು ಕವಿಯ ತಂಗಿ ಡೊರೊತಿ ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿದ್ದಳು. ಆ ಕೋಣೆಯನ್ನು ಹಾಗೆಯೇ ತೋರಿಸುತ್ತಾರೆ. ಡ್ಯಾಫೊಡಿಲ್ ಹೂವುಗಳನ್ನು ನೋಡುವ ಭಾಗ್ಯ ನನಗಿರಲಿಲ್ಲ. ಡೊರೊತಿಯ ದಿನಚರಿಯ ಪ್ರಕಾರ ಅಣ್ಣತಂಗಿಯರು ಅಲ್ಸ್‌ವಾಟರಿನ ದಡದಲ್ಲಿ ಅವನ್ನು ಕಂಡುದು 1802ರ ಏಪ್ರಿಲ್ 15ರಂದು. ನಾವು ಹೋದುದು ಏಪ್ರಿಲ್ ಕೊನೆಯಲ್ಲಿ. ಮನೆಯ ತೋಟದಲ್ಲಿ ಬಾಡಿದ ಕಾಗದದಂತೆ ಕೆಲವು ಉಳಿದಿದ್ದುವು. ಇಪ್ಪತ್ತು ವರ್ಷ ಪಾಠ ಹೇಳಿದ ಹೂವನ್ನು ಎರಡು ವಾರದ ಅಂತರದಲ್ಲಿ ತಪ್ಪಿಸಿಕೊಂಡೆ. ತಿಂಗಳನ್ನು ನೋಡಿ ಟಿಕೆಟ್ಟು ಕೊಳ್ಳಿ ಎಂದು ನನಗೆ ಯಾರು ಹೇಳಬೇಕಾಗಿತ್ತು?

ದುಃಖಶಮನಕ್ಕೆಂದು ಆ ಪದ್ಯದ ಕಥೆಯನ್ನು ಪತ್ನಿಗೆ ಹೇಳಿದೆ. ಅವಳು, "ತಂಗಿ ಜೊತೆಯಲ್ಲಿದ್ದಳಲ್ಲವೆ? ಪದ್ಯದಲ್ಲಿ ಒಬ್ಬನೇ ಹೋಗುತ್ತಿದ್ದೆ ಎಂದು ಏಕೆ ಬರೆದ?" ಎಂದು ಕೇಳಿದಳು. ಕವಿಸಮಯ, ಏಕಾಂತ, ಸ್ಮೃತಿ ಎಂದು ತರಗತಿಯ ಮಾತುಗಳನ್ನು ತೆಗೆದೆ. ಪದ್ಯದ ಅತ್ಯುತ್ತಮವಾದ ಎರಡು ಸಾಲುಗಳು ಹೆಂಡತಿ ಮೇರಿ ಕೊಟ್ಟವೆಂದು ಕವಿಯೇ ಒಪ್ಪಿಕೊಂಡಿದ್ದಾನೆಂದೂ ಹೇಳಿದೆ. "ಹಾಗಾದರೆ ಮೂವರು" ಎಂದು ಅವಳು ಮುಂದಕ್ಕೆ ನಡೆದಳು.

ಎರಡನೆಯ ದಿನ ಅವಳದು. ಗ್ರಾಸ್‌ಮಿಯರಿನಿಂದ ರೈಡಲ್ಲಿಗೆ ಬೆಟ್ಟದ ಮಗ್ಗುಲಲ್ಲಿ ಒಂದು ಕಾಲುದಾರಿಯುಂಟು. ರೈಡಲ್ಲಿನಲ್ಲಿ ಇಗರ್ಜಿ ಇಲ್ಲದ ಕಾಲದಲ್ಲಿ ಶವಗಳನ್ನು ಈ ದಾರಿಯಲ್ಲಿಯೇ ಗ್ರಾಸ್‌ಮಿಯರಿಗೆ ಹೊತ್ತು ತರುತ್ತಿದ್ದರಂತೆ. ಹೊತ್ತವರು ಪೆಟ್ಟಿಗೆಯನ್ನಿಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಚಪ್ಪಟೆಗಲ್ಲು ಇನ್ನೂ ಇದೆ. ಇಂಗ್ಲೆಂಡು ವೇಲ್ಸುಗಳಲ್ಲಿ ಇಂಥ ಸಾರ್ವಜನಿಕ ಕಾಲುದಾರಿಗಳು ಎಲ್ಲ ಸೇರಿ ಸುಮಾರು 1,40,000 ಮೈಲಿ. ಅವು ಖಾಸಗಿ ಹೊಲಗಳ ನಡುವೆಯೂ ಹಾಯುತ್ತವೆ. ನಡೆಯುವವನಿಗೆ ನಡೆಯುವ ಹಕ್ಕು ಕಾನೂನಿನಿಂದ ಬಂದದ್ದು. ಅವನು ಮಾಡಬೇಕಾದುದು ಇಷ್ಟೆ: ತೆಗೆದ ಬಾಗಿಲನ್ನು ಮುಚ್ಚಬೇಕು, ಕುರಿಗಳನ್ನು ಬೆದರಿಸಬಾರದು. ನಮ್ಮಲ್ಲಿ ಹಳ್ಳಿಯ ಬಂಡಿದಾರಿಗಳು ಬೇಲಿಯೊಳಗೆ ಸೇರಿಹೋಗುತ್ತಿರುವುದನ್ನು ನೆನೆದು ನನಗೆ ಅಸೂಯೆಯಾಯಿತು.

ನನ್ನ ಪತ್ನಿಯ ತೌರು ಚಳ್ಳಕೆರೆಯ ಕಡೆ. ಕುರಿ, ಕಂಬಳಿ ಇವುಗಳ ನಡುವೆ ಬೆಳೆದವಳು. ಬಿ.ಎಸ್‌ಸಿ. ಓದಿದ್ದಾಳೆ, ಇಂಗ್ಲಿಷು ಚೆನ್ನಾಗಿ ಬರುತ್ತದೆ, ನನ್ನ ಮುಂದೆ ಮಾತ್ರ ಆಡುವುದಿಲ್ಲ. ನಾನು ತಿದ್ದುತ್ತೇನೆ. ದಾರಿಯ ಪಕ್ಕದ ಗೋಡೆಯ ಆಚೆ ಒಬ್ಬ ರೈತ ಕುಸಿದ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸುತ್ತಿದ್ದ. ಹತ್ತಿರದಲ್ಲಿ ಬೂದುಬಣ್ಣದ ಕುರಿಗಳು, ಅವುಗಳ ಹಿಂದೆ ಕಪ್ಪು ಮರಿಗಳು. ಬೇರೆ ತಳಿಯ ಮರಿಗಳೇನೋ ಎಂದುಕೊಂಡು ನಾನು ಮುಂದೆ ಹೋದೆ. ತಿರುಗಿ ನೋಡಿದರೆ ಅವಳು ಗೋಡೆಗೆ ಕೈಯೂರಿ ಅವನೊಡನೆ ಮಾತನಾಡುತ್ತಿದ್ದಾಳೆ. ನಾನು ದೂರದಲ್ಲಿಯೇ ನಿಂತೆ.

ಅವಳಿಂದ ತಿಳಿದುದು ಇಷ್ಟು. ಹರ್ಡ್‌ವಿಕ್ ಎಂಬ ಈ ತಳಿಯ ಮರಿ ಹುಟ್ಟುವಾಗ ಕಪ್ಪು. ಬೆಳೆದಂತೆ ಮೋರೆ ಬೆಳ್ಳಗಾಗಿ ಮೈ ಬೂದಿಯಾಗುತ್ತದೆ. ಮೇಲಿನ ಬೆಟ್ಟಕ್ಕೆ ಬೇಲಿಯಿಲ್ಲ. ಆದರೂ ಪ್ರತಿಯೊಂದು ಹಿಂಡೂ ತನ್ನ ಪಾಲಿನ ಇಳಿಜಾರನ್ನು ಬಿಟ್ಟು ಹೋಗುವುದಿಲ್ಲ. ತಾಯಿಯ ಜೊತೆ ಮೇಯುತ್ತ ಮರಿ ಆ ಎಲ್ಲೆಯನ್ನು ಕಲಿಯುತ್ತದೆ, ಮುಂದೆ ತನ್ನ ಮರಿಗೆ ಕಲಿಸುತ್ತದೆ. ಇದಕ್ಕೆ ಅಲ್ಲಿ ಹೆಫ್ಟ್ ಎನ್ನುತ್ತಾರೆ. 2001ರಲ್ಲಿ ಕಾಲುಬಾಯಿ ಜ್ವರ ಬಂದು ಸರ್ಕಾರದವರು ಹಿಂಡುಗಳನ್ನು ಕೊಲ್ಲಿಸಿದಾಗ ರೈತರನ್ನು ಹೆಚ್ಚಾಗಿ ಹೆದರಿಸಿದುದು ಇದೇ. ಸತ್ತ ಕುರಿಗೆ ಪರಿಹಾರವುಂಟು, ಹೊಸ ಕುರಿಯನ್ನು ಕೊಳ್ಳಬಹುದು. ಆದರೆ ಹೊಸದಕ್ಕೆ ಎಲ್ಲೆ ಗೊತ್ತಿಲ್ಲ. ಉಣ್ಣೆಯ ಬೆಲೆ ಈಗ ಕತ್ತರಿಸುವ ಕೂಲಿಗೂ ಸಾಲದು. "ನಮ್ಮ ತಾತನೂ ಹೀಗೇ ಅನ್ನುತ್ತಿದ್ದರು, ಉಣ್ಣೆ ಒರಟು ಎಂದು ಯಾರೂ ಕೊಳ್ಳುವುದಿಲ್ಲ ಎಂದು" ಎಂದಳು. ಕುರಿಗೆ ಬಳಿದ ಬಣ್ಣದ ಗುರುತುಗಳನ್ನು ನೋಡಿ ಯಾವುದು ಯಾರ ಹಿಂಡೆಂದು ಹೇಳುವುದನ್ನೂ ಅವಳು ಕಲಿತುಕೊಂಡು ಬಂದಿದ್ದಳು. ಗೋಡೆಯ ಬಳಿ ಅವಳು ನಿಂತುದು ಮುಕ್ಕಾಲು ಗಂಟೆ. ನಡುವೆ ಒಂದು ಕಡೆ ಕ್ರಿಯಾಪದ ತಪ್ಪಿದಂತೆ ಕೇಳಿಸಿತು. ನನ್ನ ಬಾಯಿಗೆ ಬಂದುದನ್ನು ನುಂಗಿಕೊಂಡೆ.

ರೈಡಲ್ ಮೌಂಟಿನ ಬಾಗಿಲಿಗೆ ಬರುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಅವಳಿಗೆ ಮಂಡಿ ನೋಯುತ್ತಿತ್ತು. "ನೀವು ಒಳಗೆ ಹೋಗಿ ನೋಡಿಕೊಂಡು ಬನ್ನಿ, ನಾನು ಚಹದ ಅಂಗಡಿಯಲ್ಲಿ ಕುಳಿತಿರುತ್ತೇನೆ" ಎಂದಳು. ನಾನೂ ಚಹದ ಅಂಗಡಿಗೇ ಹೋದೆ. ಇದನ್ನು ತ್ಯಾಗವೆಂದು ಎಣಿಸಬೇಡಿ. ಹನ್ನೆರಡು ದಿನಗಳಲ್ಲಿ ಒಂದು ಕಟ್ಟಡವನ್ನು ನೋಡದೆ ಬಿಟ್ಟ ಸುಖ ನನಗೆ ಅದೇ ಮೊದಲು.

ಮೂರನೆಯ ದಿನ ಬೆಳಗ್ಗೆ ಬಸ್ಸಿನಲ್ಲಿ ಕೆಸಿಕ್‌ವರೆಗೆ ಹೋಗಿ ಬಂದೆವು. ದಾರಿಯಲ್ಲಿ ಥರ್ಲ್‌ಮಿಯರ್ ಸಿಗುತ್ತದೆ. ಈ ಪ್ರಾಂತದ ಹೆಸರುಗಳಲ್ಲಿ ಬರುವ 'ಮಿಯರ್' ಎಂಬುದಕ್ಕೆ ಕೆರೆ ಎಂದೇ ಅರ್ಥ. ಚಳ್ಳಕೆರೆಯವಳಿಗೆ ಇದನ್ನು ಹೇಳಿ ನನ್ನ ಪಾಂಡಿತ್ಯಕ್ಕೆ ಆ ಮೂರು ದಿನಗಳಲ್ಲಿ ದೊರೆತ ಒಂದೇ ಮೆಚ್ಚುಗೆಯನ್ನು ಪಡೆದೆ. ಥರ್ಲ್‌ಮಿಯರನ್ನು ಮ್ಯಾಂಚೆಸ್ಟರ್ ನಗರದವರು ಅಣೆಕಟ್ಟಿ ಎತ್ತರಿಸಿದರು. ದಡದಲ್ಲಿದ್ದ ಮನೆಗಳು ಮುಳುಗಿದುವು. 1894ರಿಂದ ಅದರ ನೀರು ನೂರು ಮೈಲಿಗೆ ಸಮೀಪದ ದೂರವನ್ನು ಇಳಿಜಾರಿನ ಬಲದಿಂದಲೇ ಹರಿದು ಆ ನಗರಕ್ಕೆ ಹೋಗುತ್ತದೆ. ನಮ್ಮ ಬೆಂಗಳೂರಿಗೆ ಕಾವೇರಿಯನ್ನು ನೂರು ಕಿಲೋಮೀಟರು ಮೇಲಕ್ಕೆ ಎತ್ತಿ ತರಬೇಕು; ಅಲ್ಲಿ ಬೆಟ್ಟವೇ ಆ ಕೆಲಸ ಮಾಡುತ್ತದೆ. ನಗರದಿಂದ ತಪ್ಪಿಸಿಕೊಂಡು ಬಂದೆವೆಂದು ಕಿಟಕಿಯಲ್ಲಿ ನೋಡುತ್ತಿದ್ದ ಆ ನೀರು, ನಗರದ ನಲ್ಲಿಗಳಿಗೆ ಮೊದಲೇ ಮುಡಿಪಾದುದು.

ಹಾಕ್ಸ್‌ಹೆಡ್, ಕಾಕರ್‌ಮತ್, ಅಲ್ಸ್‌ವಾಟರ್ ಇವನ್ನು ನಾನು ನೋಡಲಿಲ್ಲ. ಹಿಂದಿರುಗುವ ರೈಲಿಗೆ ಒಂದು ಗಂಟೆ ಮುಂಚೆಯೇ ಹೋಗಿ ಕುಳಿತೆವು. ದಿಕ್ಕನ್ನು ಅವಳು ನೋಡಿಕೊಂಡಳು. ರಾತ್ರಿ ಊಟಕ್ಕೆ ಕುಳಿತಾಗ ತಮ್ಮ, "ಅಣ್ಣ, ವರ್ಡ್ಸ್‌ವರ್ತ್ ಮನೆ ಹೇಗಿತ್ತು?" ಎಂದು ಕೇಳಿದ. ಚಿಕ್ಕದಾಗಿತ್ತು ಎಂದೆ. ಆಮೇಲೆ ಅವನು ಅತ್ತಿಗೆಯ ಕಡೆ ತಿರುಗಿದ. ಅವಳು ಕಪ್ಪು ಮರಿಗಳಿಂದ ಆರಂಭಿಸಿದಳು. ಅಂದಿನ ಅಡಿಗೆ ತಮ್ಮನದು. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅವಳ ಮಾತು ಮುಗಿಯುವವರೆಗೆ ಯಾರೂ ಅದನ್ನು ಗಮನಿಸಲಿಲ್ಲ.