ಹುಟ್ಟುವ ಮೊದಲೇ ಬೆನ್ನಿಗೊಂದು ತೇಪೆ

ಮಕ್ಕಳೇ, ನಿಮ್ಮ ಬೆನ್ನಿನ ನಡುವೆ ಕೈಯಾಡಿಸಿ ನೋಡಿ. ಗಂಟುಗಂಟಾಗಿ ಸಿಗುವ ಮೂಳೆಗಳ ಸಾಲಿನೊಳಗೆ ಬೆನ್ನುಹುರಿ ಇದೆ. ಏಳು, ನಿಲ್ಲು, ಓಡು ಎಂದು ಮಿದುಳು ಹೇಳುವುದೆಲ್ಲ ಅದರ ಮೂಲಕವೇ ಕಾಲಿಗೆ ತಲುಪುತ್ತದೆ.

ಈ ಹುರಿ ಮೊದಲಿಗೆ ಹುರಿಯಾಗಿರಲಿಲ್ಲ. ಅಮ್ಮನ ಹೊಟ್ಟೆಯಲ್ಲಿ ನೀವು ಕೆಲವೇ ಮಿಲಿಮೀಟರ್ ಉದ್ದವಿದ್ದಾಗ, ಬೆನ್ನ ಮೇಲೆ ಒಂದು ಚಪ್ಪಟೆ ಪದರವಷ್ಟೇ ಇತ್ತು. ಬಾಳೆಯ ಸುಳಿ ಬಿಚ್ಚಿಕೊಂಡು ಎಲೆಯಾಗುವುದನ್ನು ನೋಡಿದ್ದೀರಲ್ಲ? ಇಲ್ಲಿ ಅದರ ತಿರುಗುಮುರುಗು. ಪದರದ ಎರಡೂ ಅಂಚುಗಳು ಮೇಲೆದ್ದು, ಒಂದನ್ನೊಂದು ಮುಟ್ಟಿ, ಕೂಡಿಕೊಂಡು ಕೊಳವೆಯಾಗುತ್ತವೆ. ಭ್ರೂಣ ಮೂಡಿದ 28 ದಿನಗಳೊಳಗೆ ಈ ಕೆಲಸ ಮುಗಿದೇಹೋಗುತ್ತದೆ. ಪಾಪು ಬರಲಿದೆ ಎಂದು ಎಷ್ಟೋ ಸಲ ತಾಯಿಗೇ ಇನ್ನೂ ಗೊತ್ತಿರುವುದಿಲ್ಲ!

ಕೆಲವು ಶಿಶುಗಳಲ್ಲಿ ಕೆಳಬೆನ್ನಿನ ಹತ್ತಿರ ಅಂಚುಗಳು ಕೂಡುವುದಿಲ್ಲ. ಮೇಲೆ ಮೂಳೆ, ಚರ್ಮಗಳೂ ಮುಚ್ಚಿಕೊಳ್ಳದೆ ಹುರಿ ತೆರೆದೇ ಉಳಿಯುತ್ತದೆ. ಇದು ಸ್ಪೈನಾ ಬೈಫಿಡಾ ಎಂಬ ತೊಂದರೆಯ ಕಠಿಣ ರೂಪ. ಗ್ರಹಣದ ದಿನ ತಾಯಿ ಹೊರಗೆ ಬಂದಳು, ಅದಕ್ಕೇ ಹೀಗಾಯಿತು ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅದು ಸುಳ್ಳು; ನೊಂದ ತಾಯಿಯನ್ನು ಮತ್ತಷ್ಟು ನೋಯಿಸುವ ಮಾತು. ಗರ್ಭ ಧರಿಸುವ ಮೊದಲಿನಿಂದಲೇ ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಂಡರೆ ಈ ತೊಂದರೆಯ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಪೂರ್ತಿ ಇಲ್ಲವಾಗುವುದಿಲ್ಲ.

ತೆರೆದ ಹುರಿಗೆ ಎರಡು ಪೆಟ್ಟು. ಮುಚ್ಚದೆ ಉಳಿದದ್ದು ಒಂದು. ಇನ್ನೊಂದು ನಿಧಾನದ್ದು: ತಿಂಗಳುಗಟ್ಟಲೆ ಗರ್ಭದ ನೀರಿನಲ್ಲಿ ನೆನೆಯುತ್ತ ನರಗಳು ಕೆಡುತ್ತ ಹೋಗುತ್ತವೆ. ಹಾಗಿದ್ದರೆ ಹುಟ್ಟುವವರೆಗೆ ಯಾಕೆ ಕಾಯಬೇಕು? ಅಮೆರಿಕದ ವೈದ್ಯರು ತಾಯಿಗೂ ಮಗುವಿಗೂ ಅರಿವಳಿಕೆ ಕೊಟ್ಟು, ಗರ್ಭಕೋಶವನ್ನು ತುಸುವೇ ತೆರೆದು, ಒಳಗಿರುವ ಮಗುವಿನ ಬೆನ್ನನ್ನು ಹೊಲಿದರು. ಆಮೇಲೆ ಗರ್ಭಕೋಶವನ್ನೂ ಹೊಲಿದು ಮುಚ್ಚಿದರು. ಮಗು ಒಳಗೇ ಬೆಳೆಯಿತು! 2011ರಲ್ಲಿ ಈ ಕುರಿತ ಅಧ್ಯಯನದ ಫಲಿತಾಂಶ ಹೊರಬಂತು. ಎರಡೂವರೆ ವರ್ಷದ ಹೊತ್ತಿಗೆ ಆಸರೆಯಿಲ್ಲದೆ ನಡೆಯುತ್ತಿದ್ದವರು, ಹುಟ್ಟಿದ ಮೇಲೆ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ನೂರಕ್ಕೆ 21. ಹೊಟ್ಟೆಯಲ್ಲಿದ್ದಾಗಲೇ ಆದವರಲ್ಲಿ 42.

ದುಪ್ಪಟ್ಟು, ನಿಜ. ಆದರೆ ಉಳಿದ 58 ಮಕ್ಕಳು? ಆ ಅಧ್ಯಯನದಲ್ಲಿ ಪಾಲ್ಗೊಂಡಿದ್ದ ಶಸ್ತ್ರಚಿಕಿತ್ಸಕಿ ಡಯಾನಾ ಫಾರ್ಮರ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಅವರೂ ವಿಜ್ಞಾನಿ ಐಜುನ್ ವಾಂಗ್ ಅವರೂ ಮಾಸಿನ ಕಡೆ ನೋಡಿದರು. ಹೊಟ್ಟೆಯೊಳಗೆ ಮಗುವಿಗೆ ಆಹಾರ, ಆಮ್ಲಜನಕ ಒದಗಿಸಿ, ಹೆರಿಗೆಯ ನಂತರ ಹೊರಬರುತ್ತದಲ್ಲ, ಅದೇ ಮಾಸು. ತಾಯಂದಿರು ದಾನ ಕೊಟ್ಟ ಮಾಸಿನಿಂದ, ಬೇರೆ ಬಗೆಯ ಕೋಶಗಳಾಗಬಲ್ಲ ಆಕರಕೋಶಗಳನ್ನು ತೆಗೆದು ಬೆಳೆಸಿ, ತೆಳುವಾದ ತೇಪೆಯ ಮೇಲೆ ಕೂರಿಸಿದರು. ಬೆನ್ನು ಹೊಲಿಯುವ ಮೊದಲು ಆ ತೇಪೆಯನ್ನು ಹುರಿಯ ಮೇಲೆ ಇಡುವುದು ಅವರ ಯೋಜನೆ.

ಈ ಕೋಶಗಳೇ ಹೊಸ ನರಗಳಾಗಿಬಿಡುತ್ತವೆ ಎಂದು ನಿಮಗೆ ಅನ್ನಿಸಬಹುದು. ಹಾಗಲ್ಲ. ಅವು ತಮ್ಮೊಳಗಿಂದ ಕೆಲವು ಪ್ರೋಟೀನುಗಳನ್ನು ಹೊರಬಿಡುತ್ತವೆ. ಅಳಿವಿನಂಚಿನ ನರಕೋಶಗಳು ಸಾಯದಂತೆ ಆ ಪ್ರೋಟೀನುಗಳು ಕಾಯುತ್ತವೆ. ಸತ್ತದ್ದನ್ನು ಎಬ್ಬಿಸುವುದಲ್ಲ, ಇರುವುದನ್ನು ಉಳಿಸುವುದು. ಅದಕ್ಕೇ ಇಷ್ಟು ಬೇಗ, ಹುಟ್ಟುವ ಮೊದಲೇ ಈ ಚಿಕಿತ್ಸೆ.

ಮೊದಲು ಕುರಿಗಳಲ್ಲಿ ಪರೀಕ್ಷಿಸಿದರು. ತೇಪೆ ಪಡೆದ ಮರಿಗಳಲ್ಲಿ ಹಲವು ಹುಟ್ಟಿದ ಮೇಲೆ ಎದ್ದು ನಡೆದವು. ಇದೇ ತೊಂದರೆಯೊಂದಿಗೆ ಹುಟ್ಟಿದ್ದ ಡಾರ್ಲಾ, ಸ್ಪ್ಯಾಂಕಿ ಎಂಬ ಬುಲ್‌ಡಾಗ್ ಮರಿಗಳಿಗೂ ಅಲ್ಲಿ ಶಸ್ತ್ರಚಿಕಿತ್ಸೆಯ ಜೊತೆ ನಾಯಿಯ ಮಾಸಿನ ಕೋಶಗಳನ್ನು ಕೊಟ್ಟರು. ತಿಂಗಳುಗಳ ನಂತರ ಅವು ಓಡಿ ಆಡುತ್ತಿದ್ದವು.

2021ರಲ್ಲಿ ಮೊದಲ ಬಾರಿಗೆ ಒಬ್ಬ ತಾಯಿಯ ಹೊಟ್ಟೆಯಲ್ಲಿದ್ದ ಮಗುವಿಗೆ ಈ ತೇಪೆ ಇಟ್ಟರು. ಮಗು ನಡೆಯುತ್ತದೆಯೇ ಎಂದು ತಿಳಿಯುವ ಕಾತರ ಎಲ್ಲರಿಗೂ ಇರುತ್ತದೆ. ಆದರೆ ವೈದ್ಯರು ಮೊದಲು ಹುಡುಕುವ ಉತ್ತರ ಬೇರೆ: ಗಾಯ ಸರಿಯಾಗಿ ಮಾಗಿದೆಯೇ? ಒಳಗಿನ ದ್ರವ ಸೋರುತ್ತಿಲ್ಲ ತಾನೇ? ಬೇಡದ ಗಡ್ಡೆ ಬೆಳೆದಿಲ್ಲ ತಾನೇ? ತಾಯಿ ಕ್ಷೇಮವೇ? ಇವೆಲ್ಲ ಖಾತ್ರಿಯಾದ ಮೇಲಷ್ಟೇ ಹೆಜ್ಜೆಗಳ ಲೆಕ್ಕ.